ಮಗ್ಗದ ಮನೆಗೆ ಬಂದ ಲೈಪ್‌ಜಿಗ್ ಅಜ್ಜ

ಗುರುವಾರ ರಾತ್ರಿ ಅಪ್ಪ ಫೋನ್ ಮಾಡಿದ್ದರು. ಅವರು ತಾವಾಗಿ ಫೋನ್ ಮಾಡುವುದು ವರ್ಷಕ್ಕೆ ಎರಡೋ ಮೂರೋ ಸಲ. "ಶನಿವಾರ ಗುಜರಿಯವನು ಬರ್ತಾನಮ್ಮ. ನಾಲ್ಕರಲ್ಲಿ ಮೂರು ಮಗ್ಗ ಕೊಟ್ಬಿಡ್ತಾ ಇದೀನಿ. ಬರೋದಾದ್ರೆ ಬಾ" ಅಂದರು. ಅಷ್ಟೇ.

ಮಗ್ಗ ಮಾರಿ ಅಂತ ನಾಲ್ಕು ವರ್ಷದಿಂದ ತಲೆ ತಿನ್ನುತ್ತಿದ್ದವಳು ನಾನೇ. ಸೂರತ್‌ನಿಂದ ಕಡಿಮೆ ರೇಟಿಗೆ ಸೀರೆ ಬಂದು ಬೀಳುತ್ತಿರುವಾಗ ದೊಡ್ಡಬಳ್ಳಾಪುರದ ಓಣಿಯಲ್ಲಿ ಕೂತು ಪವರ್‌ಲೂಮ್ ಓಡಿಸಿ ಏನು ಗಿಟ್ಟುತ್ತೆ? ಅಪ್ಪನಿಗೆ ಎಷ್ಟೋ ಸಲ ಲೆಕ್ಕ ಹಾಕಿ ತೋರಿಸಿದ್ದೆ. ಈಗ ನಾನು ಹೇಳಿದ್ದೇ ಆಗುತ್ತಿದೆ. ಆದರೂ ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಎದ್ದು ಕೂತು, ಆ ವಾರ ಓದುತ್ತಿದ್ದ ಪುಸ್ತಕ ತೆಗೆದೆ. ಎಡ್ಡಿ ಜಾಕು ಎಂಬ ಅಜ್ಜ ಬರೆದ 'ದಿ ಹ್ಯಾಪಿಯೆಸ್ಟ್ ಮ್ಯಾನ್ ಆನ್ ಅರ್ಥ್'. ಯೂಟ್ಯೂಬ್‌ನಲ್ಲಿ ಅವರ ಒಂದು ಭಾಷಣ ಕಣ್ಣಿಗೆ ಬಿದ್ದಿತ್ತು. 2019ರಲ್ಲಿ ಸಿಡ್ನಿಯಲ್ಲಿ ಮಾಡಿದ್ದು. ಆಗ ಅವರಿಗೆ 99 ವರ್ಷ. ಹಿಟ್ಲರನ ಯಾತನಾ ಶಿಬಿರಗಳಿಂದ ಬದುಕಿ ಬಂದ ಮನುಷ್ಯ, ಪ್ರಪಂಚದಲ್ಲಿ ತನ್ನಷ್ಟು ಸುಖಿ ಯಾರೂ ಇಲ್ಲ ಅಂತ ನಗುನಗುತ್ತಾ ಹೇಳುತ್ತಿದ್ದರು. ನನಗೆ ಮೊದಲು ಬಂದದ್ದು ಅನುಮಾನವೇ. ಮೋಟಿವೇಷನ್ ಭಾಷಣ ಕೇಳಿ ಕೇಳಿ ಕಿವಿ ತೂತಾಗಿದೆಯಲ್ಲ ನಮಗೆಲ್ಲ! ಆದರೂ ಪುಸ್ತಕ ತರಿಸಿಕೊಂಡೆ.

ಯಹೂದಿಗಳ ಕಥೆ ನನಗೆ ಪೂರ್ತಿ ಹೊಸದೇನಲ್ಲ. ಹಾಸ್ಟೆಲ್‌ನಲ್ಲಿದ್ದಾಗ ನೇಮಿಚಂದ್ರ ಅವರ 'ಯಾದ್ ವಶೇಮ್' ಓದಿದ್ದೆ. 2007ರಲ್ಲಿ ಬಂದ ಕಾದಂಬರಿ. ಹಿಟ್ಲರನ ಜರ್ಮನಿಯಿಂದ ಬೆಂಗಳೂರಿಗೆ ಬಂದು ಸೇರುವ ಒಬ್ಬ ಯಹೂದಿ ಹುಡುಗಿಯ ಕಥೆ. ಎಲ್ಲೋ ಯುರೋಪಿನಲ್ಲಿ 60 ಲಕ್ಷ ಜನರನ್ನು ಕೊಂದ ಸಂಗತಿಗೂ ನಮ್ಮ ಬೆಂಗಳೂರಿಗೂ ಒಂದು ಎಳೆ ಇರಬಹುದು ಅಂತ ನನಗೆ ಹೊಳೆದದ್ದು ಅದನ್ನು ಓದಿದಾಗ.

ಶನಿವಾರ ಬೆಳಿಗ್ಗೆ ಮತ್ತಿಕೆರೆಯ ಪಿ.ಜಿ.ಯಿಂದ ಯಶವಂತಪುರ ಸ್ಟೇಷನ್ನಿಗೆ ನಡೆದೇ ಹೊರಟೆ. ಈ ಕಡೆಯವರಿಗೆ ಗೊತ್ತಿರುತ್ತದೆ, ಇಲ್ಲೇ ಪಕ್ಕದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಹಳಬರು ಹಾಗೇ ಕರೆಯುತ್ತಾರೆ, ನಮಗೆ ಐ.ಐ.ಎಸ್‌ಸಿ. ಆ ಎಳೆಯ ಒಂದು ತುದಿ ಅದರ ಕಾಂಪೌಂಡಿನ ಒಳಗೇ ಇದೆ.

ಮ್ಯಾಕ್ಸ್ ಬಾರ್ನ್ ಅಂತ ಒಬ್ಬ ಭೌತವಿಜ್ಞಾನಿ. ಜರ್ಮನಿಯ ಗಟಿಂಗೆನ್‌ನಲ್ಲಿ ದೊಡ್ಡ ಪ್ರೊಫೆಸರ್. 1933ರ ಏಪ್ರಿಲ್‌ನಲ್ಲಿ ಹಿಟ್ಲರ್ ಸರ್ಕಾರ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ತಂದಾಗ ಅವರ ಹುದ್ದೆಯೂ ಹೋಯಿತು. ಆಗ ಇಲ್ಲಿ ನಿರ್ದೇಶಕರಾಗಿದ್ದವರು ಸಿ.ವಿ.ರಾಮನ್. ಅವರು ಬಾರ್ನ್ ಅವರನ್ನು ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ಮತ್ತು ಹೆಂಡತಿ ಹೆಡಿ ಬೆಂಗಳೂರಿನಲ್ಲಿದ್ದರು. ಇಲ್ಲೇ ಕಾಯಂ ಹುದ್ದೆ ಕೊಡಿಸಬೇಕು ಅಂತ ರಾಮನ್ ಆಸೆ. ಆದರೆ ಅದರ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು ನಿಂತು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿಯೆಲ್ಲ ನಮಗೆ ಬೇಡ ಎನ್ನುವ ಅರ್ಥದ ಮಾತಾಡಿದ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಎದುರು ಅತ್ತುಬಿಟ್ಟೆ ಅಂತ ಅವರೇ ಬರೆದುಕೊಂಡಿದ್ದಾರೆ. ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರಾಕ್ಕೆ ಹೋದರು. 1954ರಲ್ಲಿ ಅದೇ 'ಎರಡನೇ ದರ್ಜೆ'ಯವರಿಗೆ ನೊಬೆಲ್ ಬಂತು.

ಅವರ ತಂಗಿಯ ಮಗ ಆಟೋ ಕೋನಿಗ್ಸ್‌ಬರ್ಗರ್, ಬರ್ಲಿನ್‌ನಲ್ಲಿ ಕೆಲಸ ಕಳೆದುಕೊಂಡ ಆರ್ಕಿಟೆಕ್ಟ್. ಈಜಿಪ್ಟ್, ಸ್ವಿಟ್ಜರ್ಲೆಂಡ್ ಸುತ್ತಿ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದು ಸೇರಿದರು. ಇನ್‌ಸ್ಟಿಟ್ಯೂಟ್‌ನ ಕೆಲವು ಕಟ್ಟಡಗಳು ಅವರ ಕೈಯವು. ಮಾವ, ಸೋದರಳಿಯ ಇಬ್ಬರೂ ಊರು ಬಿಟ್ಟು ಬರುವಾಗ ಮನೆ, ನೌಕರಿ, ಬಂಧುಬಳಗ ಎಲ್ಲ ಹಿಂದೆ ಉಳಿಯಿತು. ಕಲಿತದ್ದು ಮಾತ್ರ ಜೊತೆಗೆ ಬಂತು.

ಹಿಂದೂಪುರದ ಕಡೆ ಹೋಗುವ ಮೆಮು ರೈಲಿನಲ್ಲಿ ಆ ಹೊತ್ತಿಗೆ ರಶ್ ಇರುವುದಿಲ್ಲ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ ದಾಟಿ ಯಲಹಂಕದಲ್ಲಿ ರೈಲು ನಿಂತಾಗ ಪುಸ್ತಕ ತೆರೆದೆ. ಆ ಅಧ್ಯಾಯ ಹಿಂದಿನ ದಿನವೇ ಓದಿದ್ದೆ. ಮತ್ತೆ ಅದನ್ನೇ ಓದಬೇಕೆನ್ನಿಸಿತು.

ಎಡ್ಡಿ ಹುಟ್ಟಿದ್ದು 1920ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಅಪ್ಪ ಪೋಲೆಂಡಿನಿಂದ ಬಂದು ನೆಲೆಸಿದವರು. ಯಂತ್ರದ ಕೆಲಸ ಚೆನ್ನಾಗಿ ಬಲ್ಲವರು. 1933ರಲ್ಲಿ, ಹದಿಮೂರನೇ ವಯಸ್ಸಿಗೆ, ಯಹೂದಿ ಅನ್ನುವ ಒಂದೇ ಕಾರಣಕ್ಕೆ ಹುಡುಗನನ್ನು ಶಾಲೆಯಿಂದ ಹೊರಗೆ ಹಾಕಿದರು. ಅಪ್ಪ ಸುಮ್ಮನೆ ಕೂರಲಿಲ್ಲ. ವಾಲ್ಟರ್ ಶ್ಲೈಫ್ ಅನ್ನುವ ಜರ್ಮನ್ ಹೆಸರಿನಲ್ಲಿ ಮಗನಿಗೆ ಸುಳ್ಳು ಕಾಗದಪತ್ರ ಮಾಡಿಸಿ, ಇವನು ತಂದೆತಾಯಿ ಇಲ್ಲದ ಅನಾಥ ಅಂತ ಹೇಳಿಸಿ, ರೈಲಿನಲ್ಲಿ ಒಂಬತ್ತು ಗಂಟೆ ದೂರದ ಟುಟ್ಲಿಂಗನ್ ಅನ್ನುವ ಊರಿನ ಎಂಜಿನಿಯರಿಂಗ್ ಶಾಲೆಗೆ ಕಳಿಸಿದರು. ಅಪ್ಪ ಅಮ್ಮ ಇಬ್ಬರೂ ಬದುಕಿರುವಾಗ ಆ ಹುಡುಗ ಅನಾಥಾಲಯದಲ್ಲಿ ಮಲಗಬೇಕು. ಗುಟ್ಟು ಬಯಲಾಗದಂತೆ ಐದು ವರ್ಷ ಇರಬೇಕು. ಮನೆಗೆ ಹೋಗುವಂತಿಲ್ಲ.

ಈ ಜಾಗದಲ್ಲಿ ನಾನು ಪುಸ್ತಕ ಮಡಿಸಿಟ್ಟು ಕಿಟಕಿಯಾಚೆ ನೋಡುತ್ತಾ ಕೂತೆ.

ನನ್ನನ್ನು ಎಂಟನೇ ಕ್ಲಾಸಿಗೆ ಬೆಂಗಳೂರಿನ ಒಂದು ಹಾಸ್ಟೆಲ್ಲಿಗೆ ಸೇರಿಸಿದರು. ಹದಿಮೂರೇ ವರ್ಷ ನನಗೂ. ತಮ್ಮ ಮನೆಯಲ್ಲೇ ಉಳಿದ. ಹೆಣ್ಣುಮಗಳನ್ನು ಓದಿಸಿದರು ಅಂತ ಊರೆಲ್ಲ ಅಪ್ಪನನ್ನು ಹೊಗಳಿತು. ನನಗೆ ಮಾತ್ರ ಅದು ಮನೆಯಿಂದ ಹೊರಗೆ ಹಾಕಿದ ಹಾಗೆಯೇ ಇತ್ತು. ಅಪ್ಪ ವಾರಕ್ಕೊಂದು ಸಲ ಸೀರೆ ಗಂಟು ಹೊತ್ತು ಚಿಕ್ಕಪೇಟೆಗೆ ಬರುತ್ತಿದ್ದರು. ಹಾಸ್ಟೆಲ್ ಅಲ್ಲಿಂದ ದೂರವೇನೂ ಇರಲಿಲ್ಲ. ಆದರೂ ನನ್ನನ್ನು ನೋಡಲು ಬರುತ್ತಿದ್ದದ್ದು ಎರಡು ಮೂರು ತಿಂಗಳಿಗೊಮ್ಮೆ. ಬೇರೆ ಹುಡುಗಿಯರ ಅಪ್ಪಂದಿರು ಭಾನುವಾರ ಬೇಕರಿ ಪೊಟ್ಟಣ ಹಿಡಿದು ಗೇಟಿನಲ್ಲಿ ನಿಂತಿರುವಾಗ ನಾನು ಬಟ್ಟೆ ಒಗೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗುತ್ತಿದ್ದೆ. ಆ ಕೋಪ ಎಷ್ಟು ಗಟ್ಟಿಯಾಗಿ ಉಳಿಯಿತು ಅಂದರೆ, ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಅಮ್ಮನಿಗೆ ಸೀರೆ, ತಮ್ಮನಿಗೆ ಫೋನ್ ತಂದೆ. ಅಪ್ಪನಿಗೆ ಏನೂ ತರಲಿಲ್ಲ. ಅವರು ಕೇಳಲೂ ಇಲ್ಲ.

ಹೋಲಿಕೆಯೇ ತಪ್ಪು, ಗೊತ್ತು. ನನ್ನ ಹಾಸ್ಟೆಲ್ಲಿನಲ್ಲಿ ಮೂರು ಹೊತ್ತು ಊಟ ಇತ್ತು, ದಸರಾ ರಜೆಗೆ ಮನೆಗೆ ಬರುತ್ತಿದ್ದೆ, ನನ್ನ ಹೆಸರು ನನ್ನದೇ ಆಗಿತ್ತು. ಆ ಹುಡುಗ ಸಿಕ್ಕಿಬಿದ್ದರೆ ಜೀವ ಹೋಗುತ್ತಿತ್ತು. ಆದರೂ ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಡುಗ ಅಲ್ಲ, ಅವನ ಅಪ್ಪ. ಮಗನನ್ನು ರೈಲು ಹತ್ತಿಸಿ ಮನೆಗೆ ವಾಪಸ್ ಬಂದಿರಬೇಕಲ್ಲ ಅವರು. ಆವತ್ತು ರಾತ್ರಿ ಊಟ ಮಾಡಿರುತ್ತಾರಾ?

ರಾಜಾನುಕುಂಟೆ ಬಂತು. ಮುಂದೆ ಓದಿದೆ.

1938ರ ನವೆಂಬರ್ 9. ಓದು ಮುಗಿಸಿ ಕೆಲಸಕ್ಕೂ ಸೇರಿದ್ದ ಎಡ್ಡಿ, ಅಪ್ಪ ಅಮ್ಮನ ಮದುವೆ ವಾರ್ಷಿಕೋತ್ಸವ ಅಂತ ಹೇಳದೆ ಕೇಳದೆ ಮನೆಗೆ ಬರುತ್ತಾನೆ. ಮನೆ ಕತ್ತಲು. ನಾಯಿ ಬಿಟ್ಟರೆ ಒಬ್ಬರೂ ಇಲ್ಲ. ಮನೆಯವರೆಲ್ಲ ಅಡಗಿಕೊಂಡಿದ್ದಾರೆ ಅನ್ನುವುದು ಇವನಿಗೆ ಗೊತ್ತಿಲ್ಲ. ಯಹೂದಿಗಳ ಅಂಗಡಿ, ಮನೆ, ಪ್ರಾರ್ಥನಾ ಮಂದಿರಗಳನ್ನು ಜರ್ಮನಿಯುದ್ದಕ್ಕೂ ಒಡೆದು ಸುಟ್ಟ ರಾತ್ರಿ ಅದು. ನಾಜಿಗಳು ಬಾಗಿಲು ಮುರಿದು ಒಳಗೆ ಬಂದು ಅವನನ್ನು ಹೊಡೆದರು, ನಾಯಿಯನ್ನು ಕೊಂದರು. ಅಲ್ಲಿಂದ ಬುಖೆನ್‌ವಾಲ್ಡ್ ಶಿಬಿರ. ಬಿಡುಗಡೆ, ಬೆಲ್ಜಿಯಂ, ಫ್ರಾನ್ಸ್, ಮತ್ತೆ ಬ್ರಸೆಲ್ಸ್‌ನ ಒಂದು ಅಟ್ಟದಲ್ಲಿ ಇಡೀ ಕುಟುಂಬ ಅಡಗಿ ಕೂತದ್ದು, ಮತ್ತೆ ಸಿಕ್ಕಿಬಿದ್ದದ್ದು. 1944ರ ಫೆಬ್ರುವರಿಯಲ್ಲಿ ಎಲ್ಲರನ್ನೂ ಆಷ್‌ವಿಟ್ಜ್‌ಗೆ ತಂದರು. ಅಪ್ಪ ಅಮ್ಮನನ್ನು ಇಳಿದ ಕೂಡಲೇ ವಿಷಾನಿಲದ ಕೋಣೆಗೆ ಕಳಿಸಿದರು. ತಂಗಿ ಬದುಕಿಕೊಂಡಳು. ಮಗನ ತೋಳಿನ ಮೇಲೆ 172338 ಅಂತ ಹಚ್ಚೆ ಹಾಕಿದರು.

ಆ ಮಗ ಉಳಿದದ್ದು ಹೇಗೆ? ಅದೃಷ್ಟ ಇತ್ತು, ಕರ್ಟ್ ಅನ್ನುವ ಪ್ರಾಣಸ್ನೇಹಿತ ಇದ್ದ. ಅದರ ಜೊತೆ ಇನ್ನೊಂದೂ ಇತ್ತು. ಟುಟ್ಲಿಂಗನ್‌ನಲ್ಲಿ ಕಲಿತ ಕೆಲಸ. ಶಿಬಿರದ ಪಕ್ಕ ಐ.ಜಿ.ಫಾರ್ಬೆನ್ ಕಂಪನಿಯ ಕಾರ್ಖಾನೆ ಇತ್ತು. ಅಲ್ಲಿನ ಯಂತ್ರ ರಿಪೇರಿಗೆ ಬೇಕಾದವನು ಅಂತ ಅವನನ್ನು ಬೇರೆ ಪಟ್ಟಿಯಲ್ಲಿ ಬರೆದಿದ್ದರು. ವಿಷಾನಿಲದ ಕೋಣೆಗೆ ಹೋಗುವ ಸಾಲಿನಿಂದ ಒಂದಕ್ಕಿಂತ ಹೆಚ್ಚು ಸಲ ಅವನ ನಂಬರ್ ಕೂಗಿ ಹೊರಗೆ ಎಳೆದದ್ದು ಅದಕ್ಕೇ. ಕೊಲ್ಲುವವರಿಗೆ ಅವನ ಮೇಲೆ ಕರುಣೆ ಇರಲಿಲ್ಲ, ಅವನ ಕೈಕೆಲಸ ಬೇಕಿತ್ತು ಅಷ್ಟೆ. ಆ ಕೆಲಸ ಕಲಿಸಿದ ಅಪ್ಪನಿಗೆ ಮಾತ್ರ ಇದು ಗೊತ್ತಾಗಲೇ ಇಲ್ಲ. 1945ರಲ್ಲಿ ಅಮೆರಿಕದ ಸೈನಿಕರಿಗೆ ಸಿಕ್ಕಾಗ ಎಡ್ಡಿಯ ತೂಕ 28 ಕೆ.ಜಿ.

ತುಂಬಾ ವರ್ಷ ಅವರು ಇದನ್ನೆಲ್ಲ ಯಾರಿಗೂ ಹೇಳಲಿಲ್ಲ. 1946ರಲ್ಲಿ ಫ್ಲೋರ್ ಎಂಬಾಕೆಯನ್ನು ಮದುವೆಯಾದರು, 1950ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು. ಮೊದಲ ಮಗುವನ್ನು ಎತ್ತಿಕೊಂಡ ದಿನ, ಇನ್ನು ನಗುನಗುತ್ತಾ ಬದುಕುತ್ತೇನೆ ಅಂತ ನಿರ್ಧಾರ ಮಾಡಿದ್ದರಂತೆ. ಸಿಡ್ನಿಯ ಯಹೂದಿ ಮ್ಯೂಸಿಯಂನಲ್ಲಿ ಶಾಲಾ ಮಕ್ಕಳಿಗೆ ತಮ್ಮ ಕಥೆ ಹೇಳುತ್ತಿದ್ದರು. ಪುಸ್ತಕ ಬಂದದ್ದು ನೂರನೇ ವಯಸ್ಸಿನಲ್ಲಿ, 2020ರಲ್ಲಿ. ಮರುವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅಮ್ಮನಿಗೆ ಕೊನೆಯದಾಗಿ ಒಂದು ಮಾತು ಹೇಳಲಾಗಲಿಲ್ಲ ಅನ್ನುವುದು ಅವರನ್ನು ಕಡೆಯವರೆಗೂ ಕಾಡಿತ್ತು. ಅದಕ್ಕೇ ಓದುವವರಿಗೆ ಒಂದು ಕೆಲಸ ಹಚ್ಚುತ್ತಾರೆ: ಮನೆಗೆ ಹೋಗಿ, ಅಮ್ಮನಿಗೆ ನಿಮ್ಮ ಪ್ರೀತಿಯನ್ನು ಬಾಯಿಬಿಟ್ಟು ಹೇಳಿ ಅಂತ.

ಹೇಳುವುದು ಸುಲಭವಾ? ನಮ್ಮ ಮನೆಯಲ್ಲಿ ಅಪ್ಪನಿಗೆ ಥ್ಯಾಂಕ್ಸ್ ಅಂದರೆ "ಯಾಕೆ, ಹುಷಾರಿಲ್ವಾ?" ಅಂತ ಕೇಳುತ್ತಾರೆ.

ದೊಡ್ಡಬಳ್ಳಾಪುರದಲ್ಲಿ ಇಳಿದೆ. ನೀವು ಘಾಟಿ ಸುಬ್ರಹ್ಮಣ್ಯಕ್ಕೋ ಮಾಕಳಿದುರ್ಗದ ಟ್ರೆಕ್ಕಿಂಗಿಗೋ ಹೋಗುವಾಗ ಈ ಊರನ್ನು ದಾಟಿರುತ್ತೀರಿ. ನಿಂತು ನೋಡಿರಲಿಕ್ಕಿಲ್ಲ. ನೋಡುವುದಕ್ಕಿಂತ ಕೇಳಬೇಕಾದ ಊರು ಇದು. ಒಳಗಿನ ಬೀದಿಗಳಿಗೆ ಬಂದರೆ ಮನೆಮನೆಯಿಂದಲೂ ಖಟಖಟ ಸದ್ದು. ಮುಂದಿನ ಕೋಣೆಯಲ್ಲಿ ಸಂಸಾರ, ಹಿಂದಿನ ಕೋಣೆಯಲ್ಲಿ ಮಗ್ಗ. ಹೆಂಗಸರು ಕಂಡಿಕೆ ಸುತ್ತುತ್ತಾ ಸೀರಿಯಲ್ ನೋಡುತ್ತಾರೆ, ಸೌಂಡ್ ಕೇಳಿಸದಿದ್ದರೂ ಕಥೆ ಗೊತ್ತಾಗುತ್ತದೆ. ಈಗ ಸದ್ದು ಮೊದಲಿನಷ್ಟಿಲ್ಲ. ನಾನು ನಡೆದು ಹೋದ ಬೀದಿಯಲ್ಲಿ ಆ ದಿನ ಮೂರ್ನಾಲ್ಕು ಮನೆ ಮೌನವಾಗಿದ್ದವು. ಒಂದು ಮಗ್ಗದ ಕೋಣೆ ಬಾಡಿಗೆಗೆ ಹೋಗಿತ್ತು. ಒಳಗೆ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಹೋಗುವ ಹುಡುಗರ ಬಟ್ಟೆ ಒಣಗುತ್ತಿತ್ತು.

ಈ ಊರಿಗೆ ಓದಿನ ಹುಚ್ಚು ಹೊಸದಲ್ಲ. ಕೊಂಗಾಡಿಯಪ್ಪನವರ ಹೆಸರಿನಲ್ಲಿ ಕಾಲೇಜಿದೆ. ಕನ್ನಡದ ದೊಡ್ಡ ವಿಮರ್ಶಕ ಡಿ.ಆರ್.ನಾಗರಾಜ್ ಇಲ್ಲಿನ ನೇಕಾರರ ಮನೆಯ ಹುಡುಗ. ಶಿಕಾಗೋ ವಿಶ್ವವಿದ್ಯಾಲಯದವರೆಗೂ ಪಾಠ ಹೇಳಲು ಹೋಗಿದ್ದರು. ಅವರ ಹೆಸರಿನ ಆ 'ಡಿ' ನಮ್ಮ ದೊಡ್ಡಬಳ್ಳಾಪುರವೇ.

ಮನೆಗೆ ಬಂದಾಗ ಗುಜರಿಯವರ ಗೂಡ್ಸ್ ಆಟೋ ಬಂದು ನಿಂತಿತ್ತು. ತಮ್ಮ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಚ್ಚುತ್ತಿದ್ದ. ಅಪ್ಪ ಜಕಾರ್ಡಿನ ಡಿಸೈನ್ ಕಾರ್ಡುಗಳನ್ನು ಇಳಿಸಿ ಮಡಿಸುತ್ತಿದ್ದರು. ತೂತು ಹೊಡೆದ ಉದ್ದನೆಯ ರಟ್ಟಿನ ಪಟ್ಟಿಗಳು ಅವು. ತೂತು ಇದ್ದ ಕಡೆ ಒಂದು ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಹಾಗೆ ಸಾಲುಸಾಲಾಗಿ ಸೆರಗಿನ ಮೇಲೆ ನವಿಲು ಮೂಡುತ್ತದೆ. ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಮೇಷ್ಟ್ರು ಕಂಪ್ಯೂಟರಿನ ಇತಿಹಾಸ ಹೇಳುವಾಗ, 1800ರ ಆಸುಪಾಸಿನಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತ ಮಾಡಿದ ಮಗ್ಗದ ಚಿತ್ರ ತೋರಿಸಿದ್ದರು. ತೂತಿನ ಕಾರ್ಡಿನಲ್ಲಿ ಯಂತ್ರಕ್ಕೆ ಸೂಚನೆ ಬರೆಯುವ ಆ ಉಪಾಯವೇ ಮುಂದೆ ಕಂಪ್ಯೂಟರಿಗೆ ದಾರಿಯಾಯಿತು ಅಂದಿದ್ದರು. "ಇದನ್ನ ಯಾರಾದ್ರೂ ನೋಡಿದೀರಾ?" ಅಂತ ಕೇಳಿದರು. ಇಡೀ ಕ್ಲಾಸಿನಲ್ಲಿ ನೋಡಿದ್ದವಳು ಬಹುಶಃ ನಾನೊಬ್ಬಳೇ. ಕೈ ಎತ್ತಲಿಲ್ಲ. ನೇಯ್ಗೆಯವರ ಮನೆಯವಳು ಅಂತ ಗೊತ್ತಾದರೆ ಅನ್ನುವ ನಾಚಿಕೆ. ಆ ಸೆಮಿಸ್ಟರಿನ ಫೀಸು ಇದೇ ಕಾರ್ಡುಗಳ ಕೆಳಗೆ ಹುಟ್ಟಿತ್ತು.

ಇದನ್ನು ಅಪ್ಪನಿಗೆ ಹೇಳಿದೆ. ನಾಚಿಕೆಪಟ್ಟದ್ದನ್ನೂ ಸೇರಿಸಿ. ಅಪ್ಪ ಕಾರ್ಡು ಮಡಿಸುವುದನ್ನು ನಿಲ್ಲಿಸಲಿಲ್ಲ. "ಹೌದಾ? ಕಂಪ್ಯೂಟರ್‌ಗೂ ಇದೇನಾ?" ಅಂತ ಎರಡು ಸಲ ಕೇಳಿದರು. ನಾಚಿಕೆಯ ವಿಷಯ ಎತ್ತಲೇ ಇಲ್ಲ.

ತೂಕ, ದುಡ್ಡಿನ ಮಾತೆಲ್ಲ ಬೇಗ ಮುಗಿಯಿತು. ಕಬ್ಬಿಣದ ರೇಟು, ಮರಕ್ಕೆ ಏನೂ ಇಲ್ಲ. ಮೂರು ಮಗ್ಗ ಹೊರಗೆ ಹೋದ ಮೇಲೆ ಕೋಣೆ ಇಷ್ಟು ದೊಡ್ಡದಿತ್ತಾ ಅನ್ನಿಸಿತು. ಗೋಡೆಯ ಮೂಲೆಯಲ್ಲಿ, ಸೀಮೆಸುಣ್ಣದಲ್ಲಿ, ನನ್ನ ಅಕ್ಷರದಲ್ಲಿ ಮಗ್ಗಿ ಬರೆದಿತ್ತು. ಮಗ್ಗದ ಮರೆಯಲ್ಲಿ ಇದ್ದದ್ದರಿಂದ ಸುಣ್ಣ ಹೊಡೆಯುವವರಿಗೂ ಸಿಕ್ಕಿರಲಿಲ್ಲ.

ಕೇಳಲೇಬೇಕು ಅಂತ ರೈಲಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. "ಅಪ್ಪ, ಚಿಕ್ಕಪೇಟೆಗೆ ವಾರವಾರ ಬರ್ತಿದ್ದೆ. ಹಾಸ್ಟೆಲ್‌ಗೆ ಯಾಕೆ ಬರ್ತಿರ್ಲಿಲ್ಲ?"

ಅಪ್ಪ ತಮ್ಮನ ಕಡೆ ನೋಡಿದರು. ಆಮೇಲೆ ನೆಲ ನೋಡುತ್ತಾ ಅಂದರು: "ಬಂದಿದ್ರೆ ಕರ್ಕೊಂಡು ಬಂದ್ಬಿಡ್ತಿದ್ದೆ. ಒಂದ್ಸಲ ಬಂದಾಗ ನೀನು ಸೈಕಲ್ ಸ್ಟ್ಯಾಂಡ್ ಹತ್ರ ಅಳ್ತಾ ಕೂತಿದ್ದೆ. ನೋಡಿ, ಮಾತಾಡಿಸ್ದೆ ವಾಪಸ್ ಬಂದೆ. ಇಲ್ಲಿ ಈ ಸದ್ದಲ್ಲಿ ಏನು ಓದ್ತಿದ್ದೆ ನೀನು?"

"ನನ್ನ ಓದೋಕೆ ಕಳಿಸ್ಲಿಲ್ವಲ್ಲ, ನಂಗೆ ಸದ್ದಿರ್ಲಿಲ್ವಾ?" ಅಂದ ತಮ್ಮ. ನಗುತ್ತಲೇ ಅಂದ. ಆದರೆ ಸ್ಪ್ಯಾನರ್ ಕೆಳಗಿಟ್ಟು ಅಂದ. ಪಿ.ಯು.ಸಿ. ಮುಗಿಸಿ ಮಗ್ಗಕ್ಕೆ ಕೂತವನು, ಈಗ ಶಿಫ್ಟಿಗೆ ಫ್ಯಾಕ್ಟರಿಗೆ ಹೋಗುತ್ತಾನೆ.

"ಇಬ್ರಿಗೂ ಆಗ್ತಿರ್ಲಿಲ್ಲ ಕಣೋ" ಅಂದರು ಅಪ್ಪ. ಸಮಜಾಯಿಷಿ ಇಷ್ಟೇ. ಯಾರೂ ಮುಂದೆ ಮಾತಾಡಲಿಲ್ಲ. ಇಷ್ಟು ವರ್ಷ ನನ್ನನ್ನು ಹೊರಗೆ ಹಾಕಿದರು ಅಂತ ಲೆಕ್ಕ ಹಾಕುತ್ತಿದ್ದೆನಲ್ಲ, ಆ ಲೆಕ್ಕದಲ್ಲಿ ತಮ್ಮನನ್ನು ನಾನು ಬರೆದೇ ಇರಲಿಲ್ಲ. ನಾನು ಹಾಸ್ಟೆಲ್ಲಿನಲ್ಲಿ ಅಳುತ್ತಿದ್ದಾಗ ಅವನು ಇಲ್ಲಿ ನನ್ನ ಫೀಸಿಗೆ ಕಂಡಿಕೆ ಸುತ್ತುತ್ತಿದ್ದ. ಅವನ ಪಕ್ಕ ಹೋಗಿ ನಿಂತೆ. "ಏನೇ?" ಅಂದ. "ಏನಿಲ್ಲ" ಅಂದೆ. ಅವನು ಡಿಪ್ಲೊಮಾಗೆ ಸಂಜೆ ಕಾಲೇಜು ಸೇರುವ ಮಾತು ಒಮ್ಮೆ ಎತ್ತಿದ್ದ, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. "ಆ ಅಪ್ಲಿಕೇಷನ್ ಎಲ್ಲಿಟ್ಟಿದೀಯ?" ಅಂತ ಕೇಳಿದೆ. "ಬೀರು ಮೇಲಿದೆ, ಹಳೇದಾಯ್ತು ಬಿಡು" ಅಂದ. ಅದು ಸಿಗುವ ಹೊತ್ತಿಗೆ ಇಬ್ಬರ ಕೈಯೂ ಧೂಳಾಗಿತ್ತು. ಈ ವರ್ಷದ್ದು ಫೋನಿನಲ್ಲೇ ಹುಡುಕಿದೆವು. ಕೊನೇ ದಿನಾಂಕಕ್ಕೆ ಇನ್ನೂ ಒಂಬತ್ತು ದಿನ ಇತ್ತು.

ಉಳಿದ ಒಂದು ಮಗ್ಗವನ್ನು ಅಪ್ಪ ಸಂಜೆಗೇ ಓಡಿಸಿದರು. ಅರ್ಧ ನೇಯ್ದ ಸೀರೆ ಇತ್ತು ಅದರಲ್ಲಿ, ಹಸಿರಿಗೆ ಮೆರೂನ್ ಅಂಚು. ಐದು ನಿಮಿಷಕ್ಕೆ ಹಾಸಿನ ಒಂದು ಎಳೆ ಕಡಿಯಿತು. ಮಗ್ಗ ನಿಲ್ಲಿಸಿ ಅಪ್ಪ ಬಗ್ಗಿದರು. ಕನ್ನಡಕ ಇಲ್ಲದೆ ಎಳೆ ಕಾಣಿಸುತ್ತಿರಲಿಲ್ಲ.

"ತಾ, ನಾನು ಕಟ್ತೀನಿ" ಅಂದೆ.

"ನಿಂಗೆ ಬರಲ್ಲ."

"ನೀನು ಕಲಿಸ್ಲೇ ಇಲ್ವಲ್ಲ."

"ಕಲಿಸ್ಬಾರ್ದು ಅಂತಾನೇ ಕಲಿಸ್ಲಿಲ್ಲ" ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಬಾ ಇಲ್ಲಿ" ಅಂತ ಜಾಗ ಬಿಟ್ಟರು. ಎರಡು ತುದಿ ಸೇರಿಸಿ, ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿದು, ಒಂದು ಸುತ್ತು ಸುತ್ತಿ ಎಳೆಯಬೇಕು. ಅವರ ಬೆರಳಲ್ಲಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಆಗುವ ಕೆಲಸ. ನನ್ನದು ಮೂರು ಸಲವೂ ಜಾರಿತು. ಅಮ್ಮ ಒಳಗಿಂದ ಮುದ್ದೆ ಆರ್ತಿದೆ ಬನ್ರೋ ಅಂತ ಕೂಗಿದರು. "ಬಂದ್ವಿ" ಅಂತ ಅಪ್ಪ ಇಲ್ಲಿಂದಲೇ ಕೂಗಿ, ಎಳೆಯ ತುದಿಯನ್ನು ಮತ್ತೆ ನನ್ನ ಕೈಗೆ ಕೊಟ್ಟರು.